ಹೊಸ ಊರಿನಲ್ಲಿ ಒಳ್ಳೆಯ ಬಿಯರ್ ಎಲ್ಲಿ ಸಿಗುತ್ತದೆ? ಶಿವಮೊಗ್ಗದಿಂದ ಹೊರಟವನ ಹೋಲಿಕೆ

ಬೆಳಗಿನ ರೈಲಿಗೆ ಶಿವಮೊಗ್ಗ ಬಿಟ್ಟು ಬೆಂಗಳೂರಿನಲ್ಲಿ ಕೆಲಸ ಮುಗಿಸಿದರೆ, ರಾತ್ರಿಯ ಬಸ್ಸು ಹೊರಡುವವರೆಗೆ ನನ್ನ ಕೈಯಲ್ಲಿ ನಾಲ್ಕು ಗಂಟೆ ಉಳಿಯುತ್ತದೆ. ಅಷ್ಟರಲ್ಲಿ ಹೋಗಲು ಸಾಧ್ಯವಿರುವುದು ಒಂದೇ ಜಾಗಕ್ಕೆ. ನೆಮ್ಮದಿಯಾಗಿ ಕುಡಿಯಲು ಸಾಧ್ಯವಿರುವುದು ಎರಡು ಗ್ಲಾಸು ಬಿಯರ್. ಆ ಎರಡು ಗ್ಲಾಸು ಚೆನ್ನಾಗಿರಬೇಕು ಎಂಬುದಷ್ಟೇ ನನ್ನ ಆಸೆ. ಆದರೂ ಮೊದಲ ಕೆಲವು ವರ್ಷ ಅಂಥ ಸಂಜೆಗಳಲ್ಲಿ ಬಹುಪಾಲು ಹಾಳಾದವು. ದೀಪ ನೋಡಿ ಹೋದೆ, ಮೊಬೈಲ್ ಮ್ಯಾಪಿನ ನಕ್ಷತ್ರ ಎಣಿಸಿ ಹೋದೆ, ಜನಜಂಗುಳಿ ನೋಡಿ ಹೋದೆ. ಈ ಬಿಯರನ್ನು ಎಂದು ತಯಾರಿಸಿದಿರಿ ಎಂದು ಮಾತ್ರ ಕೇಳಲಿಲ್ಲ.

ನಮ್ಮ ಕಡೆಯ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೈನೆ ಮರದಿಂದ ಬೆಳಿಗ್ಗೆ ಇಳಿಸಿದ ಕಳ್ಳು ಸಂಜೆಯ ಹೊತ್ತಿಗೆ ಹುಳಿಗೆ ತಿರುಗುತ್ತದೆ ಎಂಬುದು ಅವರ ನಾಲಗೆಗೇ ಗೊತ್ತಿತ್ತು. ಕಾಫಿ ಪುಡಿ ಕೊಳ್ಳುವಾಗ ಇವತ್ತು ಹುರಿದದ್ದೋ, ಹೋದ ವಾರದ್ದೋ ಎಂದು ನಾವು ಈಗಲೂ ಕೇಳುತ್ತೇವೆ. ಸಣ್ಣ ಬ್ರೂವರಿಗಳು, ಅಂದರೆ ಬಿಯರ್ ತಯಾರಿಸುವ ಸಣ್ಣ ಘಟಕಗಳು ಮಾಡುವ ಕ್ರಾಫ್ಟ್ ಬಿಯರ್ ಕೂಡ ಅದೇ ಜಾತಿಯ ಪದಾರ್ಥ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿ ನೀರಿನಲ್ಲಿ ನೆನೆಸಿ, ಸೋಸಿ, ಹಾಪ್ಸ್ ಹೂವಿನೊಂದಿಗೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ದೊಡ್ಡ ಕಾರ್ಖಾನೆಯ ಬಿಯರನ್ನು ಶೋಧಿಸಿ, ಪಾಶ್ಚರೀಕರಿಸಿ, ತಿಂಗಳುಗಟ್ಟಲೆ ಕೆಡದಂತೆ ಬಾಟಲಿಗೆ ತುಂಬುತ್ತಾರೆ. ಸಣ್ಣ ಬ್ರೂವರಿಯ ಬಿಯರ್ ಬಹುತೇಕ ಹಸಿಯಾಗಿಯೇ ಟ್ಯಾಪಿಗೆ, ಅಂದರೆ ಗ್ಲಾಸು ತುಂಬಿಸುವ ನಲ್ಲಿಗೆ ಬರುತ್ತದೆ, ಅದರ ರುಚಿಗೂ ಆಯುಷ್ಯದ ಕೊರತೆಗೂ ಕಾರಣ ಇದೇ. ಆದ್ದರಿಂದ ಈ ಹೋಲಿಕೆಯಲ್ಲಿ ನನ್ನ ಅಳತೆಗೋಲು ಒಂದೇ: ಯಾವ ಜಾಗ, ಯಾರ ಸಲಹೆ ನಿಮ್ಮನ್ನು ತಾಜಾ ಬಿಯರಿನ ಹತ್ತಿರಕ್ಕೆ ಕರೆದೊಯ್ಯುತ್ತದೆ ಎಂಬುದು.

ಜಾಗಗಳು

ಮೊದಲನೆಯದು ಮೈಕ್ರೋಬ್ರೂವರಿ. ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಜಾಗ. ಗಾಜಿನ ಗೋಡೆಯ ಹಿಂದೆ ತಾಮ್ರದ ಅಥವಾ ಉಕ್ಕಿನ ಟ್ಯಾಂಕುಗಳು ಕಾಣುತ್ತವೆ. ನಾಲ್ಕು ಗಂಟೆ ಮಾತ್ರ ಇರುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಆದರೆ ಟ್ಯಾಂಕು ಕಂಡ ಮಾತ್ರಕ್ಕೆ ನಂಬಬೇಡಿ. ಕೆಲವು ಕಡೆ ಮಾಲೀಕರ ಗಮನವೆಲ್ಲ ಸಂಗೀತ ಮತ್ತು ಮೇಲ್ಛಾವಣಿಯ ಅಲಂಕಾರದ ಮೇಲೆ ಇರುತ್ತದೆ, ಬ್ರೂವರ್ ವಾರಕ್ಕೊಮ್ಮೆ ಬಂದು ಹೋಗುತ್ತಾನೆ. ಅಂಥ ಒಂದು ಮೇಲ್ಛಾವಣಿಯ ಜಾಗದಲ್ಲಿ ನನಗೆ ಸಿಕ್ಕ ಗೋಧಿ ಬಿಯರ್ ಬೆಣ್ಣೆ ಬಿಸ್ಕತ್ತಿನಂತೆ ನಾರುತ್ತಿತ್ತು. ಮ್ಯಾಪಿನಲ್ಲಿ ಅದಕ್ಕೆ ನಾಲ್ಕೂವರೆ ನಕ್ಷತ್ರ. ನಕ್ಷತ್ರ ಕೊಟ್ಟವರು ಸುಳ್ಳು ಹೇಳಿರಲಿಲ್ಲ. ಅಲ್ಲಿಂದ ಕಾಣುವ ಸೂರ್ಯಾಸ್ತ ನಿಜವಾಗಿಯೂ ಚೆನ್ನಾಗಿತ್ತು.

ಎರಡನೆಯದು ಬೇರೆಯವರ ಬಿಯರನ್ನು ಕೆಗ್ ಎಂಬ ಪೀಪಾಯಿಗಳಲ್ಲಿ ತರಿಸಿ ಹಲವು ಟ್ಯಾಪುಗಳಲ್ಲಿ ಕೊಡುವ ಪಬ್. ಇಲ್ಲಿ ಆಯ್ಕೆ ಹೆಚ್ಚು, ಅಪಾಯವೂ ಹೆಚ್ಚು. ಹನ್ನೆರಡು ಟ್ಯಾಪುಗಳಿದ್ದು ಗಿರಾಕಿಗಳು ಕಡಿಮೆಯಾದರೆ ಹನ್ನೆರಡರಲ್ಲಿ ಎಂಟು ಕೆಗ್‌ಗಳು ಹಳತಾಗುತ್ತಿರುತ್ತವೆ. ಮಂಗಳವಾರದ ಸಂಜೆ ಖಾಲಿ ಇರುವ ಇಂಥ ಪಬ್‌ಗಿಂತ ಐದೇ ಟ್ಯಾಪಿನ, ತುಂಬಿದ ಪಬ್ ಮೇಲು. ಇಲ್ಲಿ ಮಾತ್ರ ಜನಜಂಗುಳಿಗೆ ಅರ್ಥವಿದೆ, ಏಕೆಂದರೆ ಜನ ಹೆಚ್ಚಾದಷ್ಟೂ ಕೆಗ್ ಬೇಗ ಖಾಲಿಯಾಗುತ್ತದೆ.

ದೊಡ್ಡ ಹೋಟೆಲುಗಳ ಬಾರನ್ನು ನಾನು ಬಿಯರಿಗೆ ಆರಿಸಿಕೊಳ್ಳುವುದಿಲ್ಲ. ಬೆಲೆ ಹೆಚ್ಚು, ಬಾಟಲಿಗಳು ಎಲ್ಲೆಡೆ ಸಿಗುವಂಥವೇ.

ಸಾಮಾನ್ಯ ಬಾರ್ ಅಂಡ್ ರೆಸ್ಟೋರೆಂಟ್ ಮತ್ತು ಎಂಆರ್‌ಪಿ ಅಂಗಡಿಗಳನ್ನು ಕ್ರಾಫ್ಟ್ ಬಿಯರ್ ಪ್ರಿಯರು ಕಡೆಗಣಿಸುತ್ತಾರೆ. ಅದು ತಪ್ಪು. ಬ್ರೂವರಿ ಇಲ್ಲದ ಊರಿಗೆ ಹೋದಾಗ ಕೈ ಹಿಡಿಯುವುದು ಇವೇ, ಅದರ ವಿವರ ಕೊನೆಗೆ ಬರುತ್ತದೆ.

ಯಾರನ್ನು ಕೇಳುವುದು

ನಾನು ಮೊದಲು ಕೇಳುತ್ತಿದ್ದುದು ಆಟೋ ಚಾಲಕರನ್ನು ಮತ್ತು ಲಾಡ್ಜಿನ ಕೌಂಟರಿನವರನ್ನು. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ದಾರಿ ತೋರಿಸುತ್ತಾರೆ. ಆದರೆ ‘ಒಳ್ಳೆಯ ಬಿಯರ್’ ಎಂದರೆ ಅವರಿಗೆ ತಣ್ಣಗಿರುವ ಬಿಯರ್, ಹೆಚ್ಚೆಂದರೆ ಸಂಸಾರಸ್ಥರು ಕೂರಬಹುದಾದ ಜಾಗ. ಊಟದ ವಿಷಯದಲ್ಲಿ ನಾನು ಈಗಲೂ ಆಟೋ ಚಾಲಕರ ಮಾತನ್ನೇ ನಂಬುತ್ತೇನೆ. ಬಿರಿಯಾನಿ, ಮುದ್ದೆ, ಮೀನು ಎಲ್ಲಿ ಚೆನ್ನಾಗಿದೆ ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಬಿಯರಿಗೆ ಮಾತ್ರ ಬೇರೆ ಮೂಲ ಬೇಕು.

ಮ್ಯಾಪಿನ ರೇಟಿಂಗಿಗಿಂತ ಅದರ ಕೆಳಗಿರುವ ಫೋಟೋಗಳು ಹೆಚ್ಚು ಉಪಯುಕ್ತ. ಹೊಸ ಫೋಟೋಗಳನ್ನು ಮೊದಲು ನೋಡಿ. ಗೋಡೆಯ ಮೇಲಿನ ಕರಿಹಲಗೆ ಅಥವಾ ಮೆನುವಿನ ಚಿತ್ರ ಹುಡುಕಿ. ಆರು ತಿಂಗಳ ಹಿಂದಿನ ಫೋಟೋದಲ್ಲಿ ಇದ್ದ ಬಿಯರುಗಳೇ ಇಂದೂ ಇದ್ದು, ಜೊತೆಗೆ ಒಂದೋ ಎರಡೋ ಹೊಸ ಹೆಸರು ಸೇರಿದ್ದರೆ ಅದು ಒಳ್ಳೆಯ ಲಕ್ಷಣ. ಕಾಯಂ ಬಿಯರುಗಳನ್ನು ಸ್ಥಿರವಾಗಿ ಮಾಡುತ್ತಾರೆ, ಋತುವಿಗೊಂದು ಹೊಸತನ್ನೂ ಪ್ರಯತ್ನಿಸುತ್ತಾರೆ ಎಂದರ್ಥ. ಮೆನುವಿನಲ್ಲಿ ಬಿಯರಿನ ಬಗೆ, ಮದ್ಯದ ಶೇಕಡಾವಾರು, ಕಹಿಯ ಅಳತೆಯಾದ ಐಬಿಯು ಸಂಖ್ಯೆ ಬರೆದಿದ್ದರೆ ಇನ್ನೂ ಒಳ್ಳೆಯದು. ‘ಲೈಟ್, ಡಾರ್ಕ್, ಮ್ಯಾಂಗೋ’ ಎಂದಷ್ಟೇ ಬರೆದಿರುವ ಜಾಗವನ್ನು ನಾನು ಬಿಟ್ಟುಬಿಡುತ್ತೇನೆ. ಇನ್ನೊಂದು ಉಪಾಯ: ಐದು ನಕ್ಷತ್ರದ ಮತ್ತು ಒಂದು ನಕ್ಷತ್ರದ ಅಭಿಪ್ರಾಯಗಳನ್ನು ಬಿಟ್ಟು ಮೂರು ನಕ್ಷತ್ರದವನ್ನು ಓದಿ. ‘ಸೇವೆ ನಿಧಾನ, ಶಬ್ದ ಜಾಸ್ತಿ, ಆದರೆ ಸ್ಟೌಟ್ ಚೆನ್ನಾಗಿತ್ತು’ ಎಂದು ಬರೆಯುವವನೇ ನಿಮಗೆ ಬೇಕಾದ ಮನುಷ್ಯ.

ಬಿಯರ್ ಕುಡಿಯುವವರೇ ಕುಡಿದದ್ದನ್ನು ದಾಖಲಿಸುವ ಅನ್‌ಟ್ಯಾಪ್ಡ್‌ನಂಥ ಆ್ಯಪ್‌ಗಳೂ ಇವೆ. ಬೆಂಗಳೂರು, ಪುಣೆಯಂಥ ಊರುಗಳಲ್ಲಿ ಅವು ಕೆಲಸಕ್ಕೆ ಬರುತ್ತವೆ, ಸಣ್ಣ ಊರುಗಳಲ್ಲಿ ಅಲ್ಲ. ಆ ಆ್ಯಪ್‌ಗಳಲ್ಲಿ ಅಂಕಗಳಿಗಿಂತ ದಿನಾಂಕ ನೋಡಿ. ನಿನ್ನೆ ಮೊನ್ನೆ ಯಾರಾದರೂ ಆ ಬಿಯರ್ ಕುಡಿದು ಬರೆದಿದ್ದರೆ ಅದು ಇಂದು ಟ್ಯಾಪಿನಲ್ಲಿ ಇರುವ ಸಾಧ್ಯತೆ ಹೆಚ್ಚು.

ಇವೆಲ್ಲಕ್ಕಿಂತ ಮೇಲಾದ ಮೂಲ ಒಂದಿದೆ. ಒಂದು ಒಳ್ಳೆಯ ಜಾಗದಲ್ಲಿ ಬಡಿಸುವವರನ್ನೇ ‘ನಿಮ್ಮ ರಜೆಯ ದಿನ ನೀವು ಎಲ್ಲಿಗೆ ಹೋಗಿ ಬಿಯರ್ ಕುಡಿಯುತ್ತೀರಿ?’ ಎಂದು ಕೇಳುವುದು. ಈ ಪ್ರಶ್ನೆಗೆ ವ್ಯಾಪಾರದ ಉತ್ತರ ಬಂದದ್ದನ್ನು ನಾನು ಕಂಡಿಲ್ಲ. ಕೇಳಿದವರ ಮುಖ ಅರಳುತ್ತದೆ, ಒಂದು ಕಾಗದದ ಚೂರಿನ ಮೇಲೆ ಎರಡು ಹೆಸರು ಬರೆದುಕೊಡುತ್ತಾರೆ. ಆ ಎರಡು ಹೆಸರುಗಳಿಗಾಗಿ ನಾನು ಮುಂದಿನ ಪ್ರಯಾಣವನ್ನೇ ಕಾಯುತ್ತೇನೆ.

ಮೊದಲ ಗ್ಲಾಸು

ಒಳಗೆ ಹೋಗಿ ಕೂತ ಮೇಲೂ ಆಯ್ಕೆ ಮುಗಿಯುವುದಿಲ್ಲ. ಪೂರ್ತಿ ಗ್ಲಾಸು ಹೇಳುವ ಮೊದಲು ರುಚಿ ನೋಡಲು ಸ್ವಲ್ಪ ಕೊಡುವಿರಾ ಎಂದು ಕೇಳಿ. ಒಳ್ಳೆಯ ಬ್ರೂವರಿಗಳು ಸಂತೋಷದಿಂದ ಕೊಡುತ್ತವೆ. ನಾಲ್ಕೈದು ಸಣ್ಣ ಗ್ಲಾಸುಗಳನ್ನು ಒಂದೇ ಹಲಗೆಯಲ್ಲಿ ಇಟ್ಟು ಮಾರುವ ಪದ್ಧತಿಯೂ ಇದೆ. ಒಬ್ಬರೇ ಹೋದಾಗ ಅದು ಅನುಕೂಲ.

ಮೊದಲು ಆರಿಸಬೇಕಾದದ್ದು ಆ ಜಾಗದ ಅತ್ಯಂತ ಸರಳ ಬಿಯರ್. ಅಡುಗೆಯವರ ಕೈಯನ್ನು ತಿಳಿಸಾರಿನಲ್ಲಿ ಅಳೆಯಬೇಕು ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಹಾಗೆ. ಮಾವಿನಹಣ್ಣು, ಚಾಕೊಲೇಟು, ಮಸಾಲೆ ಬೆರೆತ ಬಿಯರಿನಲ್ಲಿ ತಪ್ಪುಗಳು ಅಡಗುತ್ತವೆ. ಲಾಗರ್ ಅಥವಾ ಪಿಲ್ಸ್‌ನರ್ ಎಂಬ ಸರಳ ಬಗೆಗಳಲ್ಲಿ ಅಡಗಲು ಮರೆಯೇ ಇಲ್ಲ. ಅದರಲ್ಲೂ ಲಾಗರ್ ತಾಳ್ಮೆಯ ಪರೀಕ್ಷೆ. ಏಲ್ ಬಗೆಯ ಬಿಯರುಗಳು ಬೆಚ್ಚಗಿನ ಉಷ್ಣತೆಯಲ್ಲಿ ಹುದುಗಿ ಎರಡು ಮೂರು ವಾರಗಳಲ್ಲಿ ಸಿದ್ಧವಾಗುತ್ತವೆ. ಲಾಗರ್ 10 ಡಿಗ್ರಿಯ ಆಸುಪಾಸಿನ ತಂಪಿನಲ್ಲಿ ನಿಧಾನವಾಗಿ ಹುದುಗಿ, ಆಮೇಲೂ ಇನ್ನಷ್ಟು ತಂಪಿನಲ್ಲಿ ವಾರಗಟ್ಟಲೆ ಮಲಗಬೇಕು. ಸಣ್ಣ ಬ್ರೂವರಿಗೆ ಟ್ಯಾಂಕೇ ಬಂಡವಾಳ. ಅದನ್ನು ಒಂದು ಲಾಗರಿಗಾಗಿ ಅಷ್ಟು ದಿನ ಬಿಟ್ಟುಕೊಡುವವನು ಹಣದ ಅವಸರವನ್ನು ಗೆದ್ದವನು. ಅಂಥವನ ಸ್ವಚ್ಛವಾದ ಲಾಗರ್ ಸಿಕ್ಕಿದರೆ ಉಳಿದ ಬಿಯರುಗಳನ್ನು ಕಣ್ಣು ಮುಚ್ಚಿ ಆರಿಸಬಹುದು.

ಮಲೆನಾಡಿನ ನಾಲಗೆಗೆ ಬೇಗ ಒಗ್ಗುವುದು ಜರ್ಮನಿಯ ಬವೇರಿಯಾ ಶೈಲಿಯ ಗೋಧಿ ಬಿಯರ್, ಹೆಫೆವೈಜನ್. ಗ್ಲಾಸನ್ನು ಮೂಗಿನ ಹತ್ತಿರ ತಂದರೆ ಕಳಿತ ಬಾಳೆಹಣ್ಣಿನ ಮತ್ತು ಲವಂಗದ ಘಮ ಬರಬೇಕು. ಅದಕ್ಕೆ ಬಾಳೆಯನ್ನಾಗಲೀ ಲವಂಗವನ್ನಾಗಲೀ ಹಾಕಿರುವುದಿಲ್ಲ, ಆ ಘಮ ಹುಟ್ಟುವುದು ಯೀಸ್ಟಿನಿಂದ. ಮೊದಲ ಬಾರಿ ಇದು ತಿಳಿದಾಗ ನನಗಾದ ಬೆರಗು ಇನ್ನೂ ಆರಿಲ್ಲ. ಬೆಲ್ಜಿಯಂ ಶೈಲಿಯ ವಿಟ್ ಬಿಯರಿನಲ್ಲಿ ಮಾತ್ರ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೂ ಹಾಕುತ್ತಾರೆ. ಗಟ್ಟಿ ಡಿಕಾಕ್ಷನ್ ಇಷ್ಟಪಡುವವರು ಸ್ಟೌಟ್ ಕೇಳಲಿ. ಕಪ್ಪಗೆ ಹುರಿದ ಬಾರ್ಲಿಯಿಂದ ಬರುವ ಅದರ ಕಹಿ ನಮಗೆ ಹೊಸತಲ್ಲ. ಇಂಡಿಯಾ ಪೇಲ್ ಏಲ್ ಅಥವಾ ಐಪಿಎಯ ಕಹಿ ಬೇರೆ, ಅದು ಹಾಪ್ಸ್‌ನದು, ಹಸಿ ಸೊಪ್ಪಿನ, ನಿಂಬೆಹುಲ್ಲಿನ ಘಮದ ಕಹಿ. ಈ ಬಗೆಯನ್ನು ಎಲ್ಲಕ್ಕಿಂತ ತಾಜಾ ಇರುವಾಗ ಕುಡಿಯಬೇಕು. ಹಾಪ್ಸ್‌ನ ಘಮ ಬೇಗ ಮಂಕಾಗುತ್ತದೆ, ಬರೀ ಕಹಿ ಉಳಿಯುತ್ತದೆ.

ಕೆಟ್ಟದ್ದನ್ನು ಗುರುತಿಸುವುದೂ ಕಷ್ಟವಲ್ಲ. ಬೆಣ್ಣೆಯ ವಾಸನೆ ಎದ್ದು ಬಂದರೆ ಹುದುಗನ್ನು ಅವಸರದಲ್ಲಿ ಮುಗಿಸಿದ್ದಾರೆ, ಇಲ್ಲವೇ ಕೊಳವೆಗಳು ಶುಚಿಯಾಗಿಲ್ಲ. ಬಲಿಯದ ಸೇಬಿನ ರುಚಿ ಬಂದರೆ ಬಿಯರ್ ಇನ್ನೂ ಎಳಸು. ವಿನೆಗರ್‌ನಂಥ ಹುಳಿಯಾದರೆ ಬ್ಯಾಕ್ಟೀರಿಯಾ ಸೇರಿದೆ. ಹುಳಿಯನ್ನೇ ಬಯಸಿ ಮಾಡುವ ಬಗೆಗಳೂ ಇವೆ, ಆದರೆ ಮೆನುವಿನಲ್ಲಿ ಹಾಗೆಂದು ಬರೆದಿರುತ್ತಾರೆ. ಆಷಾಢದ ಮಳೆಯಲ್ಲಿ ಜಗಲಿಯ ಮೇಲೆ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ ನಮಗೆಲ್ಲ ಗೊತ್ತು. ಬಿಯರಿನಲ್ಲಿ ಆ ವಾಸನೆ ಬಂದರೆ ಅದಕ್ಕೆ ಗಾಳಿ ತಾಗಿ ಹಳತಾಗಿದೆ ಎಂದೇ ಲೆಕ್ಕ. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಗ್ಲಾಸು ಸರಿಯಾಗಿ ತೊಳೆದಿಲ್ಲ. ಶುಚಿಯಾದ ಗ್ಲಾಸಿನಲ್ಲಿ ನೊರೆ ಗುಟುಕು ಗುಟುಕಿಗೂ ಬಳೆಯಂತೆ ಒಂದೊಂದು ಗೆರೆ ಬಿಟ್ಟು ಇಳಿಯುತ್ತದೆ. ಗೋಧಿ ಬಿಯರ್ ಮಸುಕಾಗಿರುವುದು ದೋಷವಲ್ಲ, ಅದು ಹಾಗೆಯೇ ಇರಬೇಕು.

ಮಂಜುಗಟ್ಟಿದ ಮಗ್ಗಿನಲ್ಲಿ ಕೊಡಲು ಬಂದರೆ ಸಾಮಾನ್ಯ ಗ್ಲಾಸು ಕೇಳಿ. ಅತಿ ತಣ್ಣಗಿನ ಬಿಯರ್ ನಾಲಗೆಯನ್ನು ಮರಗಟ್ಟಿಸುತ್ತದೆ, ಒಳ್ಳೆಯದೂ ಕೆಟ್ಟದ್ದೂ ಒಂದೇ ಆಗುತ್ತದೆ. ಸ್ಟೌಟನ್ನು ಹತ್ತು ನಿಮಿಷ ಮೇಜಿನ ಮೇಲೆ ಬಿಟ್ಟು ಕುಡಿದು ನೋಡಿ.

ಬೆಂಗಳೂರಿನಲ್ಲಿ ಇಳಿದ ಮೇಲೆ

ನಮ್ಮ ಕಡೆಯವರು ಹೆಚ್ಚಾಗಿ ಹೋಗುವ ಹೊಸ ಊರು ಬೆಂಗಳೂರೇ ಆದ್ದರಿಂದ ಅದನ್ನು ಬಿಡಿಸಿ ಹೇಳುತ್ತೇನೆ. ಯಶವಂತಪುರದಲ್ಲಿ ಇಳಿದರೆ ಮೆಟ್ರೋ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ನೇರಳೆ ಮಾರ್ಗ ಹಿಡಿಯಿರಿ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡಿನವರೆಗೆ ಪೂರ್ತಿಯಾದ ಮೇಲೆ ಹೊರ ಊರಿನಿಂದ ಬಂದವರಿಗೆ ದೊಡ್ಡ ಉಪಕಾರವಾಗಿದೆ. ಊರಿನ ಹಳೆಯ ಹೆಸರಾಂತ ಬ್ರೂವರಿಗಳಲ್ಲಿ ಹಲವು ಇದೇ ಮಾರ್ಗದ ಆಚೀಚೆ ಇವೆ.

ಸಮಯ ತೀರಾ ಕಡಿಮೆ ಇದ್ದರೆ ಇಂದಿರಾನಗರದ 100 ಅಡಿ ರಸ್ತೆಯ ಟಾಯ್ಟ್. ಇದು 2010ರಲ್ಲಿ ಶುರುವಾದ ಜಾಗ, ಮೆಟ್ರೋ ನಿಲ್ದಾಣಕ್ಕೆ ತೀರ ಹತ್ತಿರ. ವಾರಾಂತ್ಯದಲ್ಲಿ ಕಾಯಬೇಕಾಗುತ್ತದೆ, ಮಾತು ಕೇಳಿಸದಷ್ಟು ಗದ್ದಲ. ಆದರೆ ಬಿಯರ್ ಹಳತಾಗಲು ಅಲ್ಲಿ ಅವಕಾಶವೇ ಇಲ್ಲ, ಅಷ್ಟು ಬೇಗ ಖಾಲಿಯಾಗುತ್ತದೆ. ಅಕ್ಕಿಯ ನಾಡಿನವರಾದ ನಾವು ಅವರ ಬಾಸ್ಮತಿ ಬ್ಲಾಂಡ್ ಕುಡಿದು ನೋಡಬೇಕು. ಅಕ್ಕಿ ಬಿಯರನ್ನು ಹೇಗೆ ಹಗುರ ಮಾಡುತ್ತದೆ ಎಂಬುದು ತಿಳಿಯುತ್ತದೆ. ಹಾಪ್ಸ್‌ನ ಕಹಿ ಬಯಸುವವರಿಗೆ ಮ್ಯಾಗ್ರತ್ ರಸ್ತೆಯ ಆರ್ಬರ್ ಬ್ರೂಯಿಂಗ್ ಕಂಪನಿಯನ್ನು ಹೇಳುತ್ತೇನೆ. ಅಮೆರಿಕದ ಮಿಶಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನ ಬ್ರೂವರಿಯ ಹೆಸರು ಮತ್ತು ಪಾಠ ಹೊತ್ತು 2012ರಲ್ಲಿ ಬಂದದ್ದು. ಅವರ ರೇಜಿಂಗ್ ಎಲಿಫೆಂಟ್ ಐಪಿಎ ಗಟ್ಟಿ ಕಹಿಯದು, ಹೊಸಬರು ಬ್ಯಾಂಗಲೋರ್ ಬ್ಲಿಸ್ ಎಂಬ ಗೋಧಿ ಬಿಯರಿನಿಂದ ಆರಂಭಿಸಬಹುದು. ಎಂಜಿ ರಸ್ತೆ ನಿಲ್ದಾಣದಿಂದ ನಡೆದೇ ಹೋಗಬಹುದು. ಊರಿನ ಮೊದಲ ಮೈಕ್ರೋಬ್ರೂವರಿಗಳ ಸಾಲಿನಲ್ಲಿ ಬರುವ ದಿ ಬಿಯರ್ ಕ್ಲಬ್ 2011ರಲ್ಲಿ ಆರಂಭವಾದದ್ದು ವಿಠಲ್ ಮಲ್ಯ ರಸ್ತೆಯಲ್ಲಿ.

ರಾತ್ರಿ ಉಳಿಯುವ ಯೋಜನೆ ಇದ್ದವರಿಗೆ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್. ಪುಸ್ತಕದ ಕಪಾಟುಗಳ ನಡುವೆ ಕೂತು ಜಾಝ್ ಸಂಗೀತ ಕೇಳುತ್ತಾ ಕುಡಿಯುವ ಜಾಗ. ಗದ್ದಲ ಒಗ್ಗದ ನನ್ನಂಥವರಿಗೆ ಇದು ಸ್ವರ್ಗ, ಆದರೆ ಬಸ್ಸು ಹಿಡಿಯುವ ಅವಸರದಲ್ಲಿ ಹೋಗುವ ದೂರವಲ್ಲ. ಹಳೇ ಮದ್ರಾಸ್ ರಸ್ತೆಯ ಗೈಸ್ಟ್ ಬ್ರೂವರಿಗೂ ಇದೇ ಮಾತು. ಅಲ್ಲಿಗೆ ಹೋಗುವುದಾದರೆ ಮಧ್ಯಾಹ್ನದಿಂದ ಸಂಜೆಯವರೆಗಿನ ಹೊತ್ತನ್ನು ಪೂರ್ತಿ ಕೊಡಿ.

ಹೊರಡುವ ಮೊದಲು ಕ್ಯಾಲೆಂಡರ್ ನೋಡಿ. ಅಕ್ಟೋಬರ್ 2ರ ಗಾಂಧಿ ಜಯಂತಿಯಂದು, ಮತದಾನ ಮುಗಿಯುವ ಹಿಂದಿನ 48 ಗಂಟೆಗಳಲ್ಲಿ ಮದ್ಯ ಮಾರಾಟ ಇರುವುದಿಲ್ಲ. ಸ್ಥಳೀಯ ಜಾತ್ರೆ, ಮೆರವಣಿಗೆಗಳ ದಿನ ಜಿಲ್ಲಾಡಳಿತವೂ ಮುಚ್ಚಿಸುವುದುಂಟು. ಚುನಾವಣೆಯ ಹಿಂದಿನ ದಿನ ಮುಚ್ಚಿದ ಬಾಗಿಲ ಮುಂದೆ ನಿಂತು, ಎದುರಿನ ಅಂಗಡಿಯಲ್ಲಿ ಮಜ್ಜಿಗೆ ಕುಡಿದು ನಾನು ವಾಪಸಾಗಿದ್ದೇನೆ. ಇನ್ನು ವಾಹನದ ವಿಷಯ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇದ್ದರೆ ವಾಹನ ಓಡಿಸುವುದು ಅಪರಾಧ. ನನ್ನ ನಿಯಮ ಅದಕ್ಕಿಂತ ಬಿಗಿ: ಒಂದು ಗುಟುಕು ಕುಡಿದರೂ ಸ್ಟಿಯರಿಂಗ್ ಮುಟ್ಟುವುದಿಲ್ಲ. ಆಗುಂಬೆಯ, ಹುಲಿಕಲ್ಲಿನ ತಿರುವುಗಳಲ್ಲಿ ಹಗಲಿನಲ್ಲೇ ಎದುರಿನ ಬಸ್ಸು ಕಾಣುವುದು ಕೊನೆಯ ಕ್ಷಣದಲ್ಲಿ. ಜೊತೆಗೆ ಬಂದವರು ಕುಡಿದು ಗಾಡಿ ಓಡಿಸಲು ಹೊರಟರೆ ಕೀಲಿ ಕಸಿದುಕೊಳ್ಳಿ. ಸ್ನೇಹ ಮುರಿದರೂ ಪರವಾಗಿಲ್ಲ.

ಶಿವಮೊಗ್ಗಕ್ಕೆ ಬಂದವರಿಗೆ

ಜೋಗಕ್ಕೆ, ಕೊಡಚಾದ್ರಿಗೆ, ಸಕ್ಕರೆಬೈಲಿಗೆ ಹೊರಟ ಗೆಳೆಯರು ನನಗೆ ಫೋನ್ ಮಾಡಿ ‘ನಿಮ್ಮ ಊರಿನಲ್ಲಿ ಒಳ್ಳೆಯ ಬಿಯರ್ ಎಲ್ಲಿ?’ ಎನ್ನುತ್ತಾರೆ. ಅವರಿಗೆ ಹೇಳುವುದು ಇಷ್ಟು. ಇಲ್ಲಿ ಟ್ಯಾಪ್ ಹುಡುಕುತ್ತಾ ಸಂಜೆ ಕಳೆಯಬೇಡಿ, ಬಾಟಲಿ ಮತ್ತು ಕ್ಯಾನ್‌ಗಳನ್ನು ಚೆನ್ನಾಗಿ ಆರಿಸಿಕೊಳ್ಳಿ. ಅಂಗಡಿಯ ಫಲಕ ಓದಿ: ಸಿಎಲ್-2 ಎಂದಿದ್ದರೆ ಅದು ಕೊಂಡೊಯ್ಯುವ ಅಂಗಡಿ, ಅಲ್ಲಿ ಕೂತು ಕುಡಿಯುವಂತಿಲ್ಲ. ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟ್. ಸಿಎಲ್-7 ವಸತಿ ಇರುವ ಹೋಟೆಲಿನ ಬಾರ್, ಹೊರ ಊರಿನವರಿಗೆ ಅದೇ ಅನುಕೂಲ. ಕುಡಿದ ಮೇಲೆ ಮೆಟ್ಟಿಲು ಹತ್ತಿದರೆ ಸಾಕು.

ಕೊಳ್ಳುವಾಗ ಬ್ರ್ಯಾಂಡಿಗಿಂತ ಮೊದಲು ತಯಾರಿಕೆಯ ದಿನಾಂಕ ನೋಡಿ. ಆರು ತಿಂಗಳ ಅವಧಿ ಬರೆದಿದ್ದರೂ ನಾನು ಎರಡು ತಿಂಗಳೊಳಗಿನದನ್ನೇ ಹುಡುಕುತ್ತೇನೆ. ಹೆಚ್ಚು ಮಾರಾಟವಾಗುವ ಅಂಗಡಿಯಲ್ಲಿ ಅದು ಸಿಗುತ್ತದೆ, ಮೂಲೆಯ ಅಂಗಡಿಯಲ್ಲಿ ಕಷ್ಟ. ಹಸಿರು ಬಾಟಲಿಗಿಂತ ಕಂದು ಬಾಟಲಿ ಮೇಲು, ಅದಕ್ಕಿಂತ ಕ್ಯಾನ್ ಮೇಲು. ಬೆಳಕು ಹಾಪ್ಸ್‌ನ ಅಂಶಗಳ ಮೇಲೆ ಬಿದ್ದು ದುರ್ವಾಸನೆ ಹುಟ್ಟಿಸುತ್ತದೆ, ಹಸಿರು ಗಾಜು ಅದನ್ನು ತಡೆಯುವುದಿಲ್ಲ. ಬಿಸಿಲಿಗೆ ಒಡ್ಡಿದ ಷೋಕೇಸಿನ ಬಾಟಲಿ ಬೇಡ, ಒಳಗಿನ ಕ್ರೇಟಿನಿಂದ ಕೊಡಿ ಎಂದು ಕೇಳಿ. ‘ಸ್ಟ್ರಾಂಗ್’ ಎಂದರೆ ಶೇ. 5ಕ್ಕಿಂತ ಹೆಚ್ಚು, ಶೇ. 8ರವರೆಗೆ ಮದ್ಯ ಇರುವ ಬಿಯರ್. ನಮ್ಮ ಕಡೆ ಹೆಚ್ಚು ಮಾರಾಟವಾಗುವುದು ಅದೇ. ರುಚಿಗಾಗಿ ಕುಡಿಯುವವರು ಶೇ. 5ರೊಳಗಿನ ಗೋಧಿ ಬಿಯರ್ ಕೇಳಲಿ, ಒಂದು ಅಂಗಡಿಯಲ್ಲಿ ಇಲ್ಲವಾದರೆ ಮುಂದಿನದರಲ್ಲಿ ವಿಚಾರಿಸಲಿ. ಕೋಣೆಗೆ ತಂದ ಮೇಲೆ ಗ್ಲಾಸಿಗೆ ಸುರಿದೇ ಕುಡಿಯಿರಿ. ಬಾಟಲಿಯ ಕಿರಿದಾದ ಬಾಯಿಯಲ್ಲಿ ಘಮ ಮೂಗಿಗೆ ತಲುಪುವುದಿಲ್ಲ.

ನೆಂಚಿಕೊಳ್ಳುವ ವಿಷಯದಲ್ಲಿ ಮಾತ್ರ ಮಲೆನಾಡನ್ನು ಯಾವ ನಗರವೂ ಸರಿಗಟ್ಟುವುದಿಲ್ಲ. ಹಾಪ್ಸ್‌ನ ಕಹಿ ಮೆಣಸಿನ ಖಾರವನ್ನು ಕೆರಳಿಸುತ್ತದೆ, ಆದ್ದರಿಂದ ತೀರ್ಥಹಳ್ಳಿ ಕಡೆಯ ಹಂದಿ ಮಾಂಸಕ್ಕೂ ಖಾರದ ಕೋಳಿ ಸಾರಿಗೂ ಐಪಿಎ ಬೇಡ. ಗೋಧಿ ಬಿಯರ್ ಅಥವಾ ಮಾಲ್ಟಿನ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ಸಿಹಿ ಇರುವುದು ಸಾಕು. ಮಳೆಗಾಲದಲ್ಲಿ ಬಂದಿದ್ದರೆ ಹುರಿದ ಕಳಲೆ ಕೇಳಿ. ಏನೂ ಸಿಗದಿದ್ದರೆ ಗಾಂಧಿ ಬಜಾರಿನಲ್ಲಿ ಒಂದು ಕಟ್ಟು ಹಲಸಿನ ಹಪ್ಪಳ ಕೊಂಡು, ಉಳಿದುಕೊಂಡ ಕಡೆಯ ಅಡುಗೆಮನೆಯವರಿಗೆ ಕೊಟ್ಟು ಕರಿಸಿಕೊಳ್ಳಿ.